ಮೇಲೆ ಹೋದರೆ ಅರ್ಧ ಅಧ್ಯಾಯ

ನನಗೆ ಸರಿಯಾದ ಉತ್ತರ ಹೊಳೆಯುವುದು ಯಾವಾಗಲೂ ಬಸ್ಸು ಸಿಲ್ಕ್ ಬೋರ್ಡ್ ದಾಟಿದ ಮೇಲೆ. ಬೆಳಿಗ್ಗೆ ಸೂಪರ್‌ವೈಸರ್ ಎಲ್ಲರೆದುರು "ಏನ್ ಮೇಡಂ, ಕನ್ನಡಕ ಮನೇಲಿ ಬಿಟ್ ಬಂದ್ರಾ?" ಎಂದು ಕೇಳಿರುತ್ತಾನೆ. ನಾನು ಹಲ್ಲು ಕಿರಿದು ಸುಮ್ಮನಾಗಿರುತ್ತೇನೆ. ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ, "ತಂದಿದ್ದೀನಿ ಸಾರ್, ಆದ್ರೆ ಈ ಕಡೆ ನೋಡೋವಂಥದ್ದೇನೂ ಕಾಣಿಸ್ಲಿಲ್ಲ" ಎಂಬ ಚಿನ್ನದಂಥ ಮಾತು ಬಾಯಿಗೆ ಬರುತ್ತದೆ. ಹೇಳೋಣವೆಂದರೆ ಪಕ್ಕದಲ್ಲಿರುವುದು ಕಿಟಕಿ. ಮದುವೆಯಾದ ಹೊಸತರಲ್ಲಿ ನನ್ನ ಸಾರಿನ ಬಗ್ಗೆ ಅತ್ತೆಯವರು ಆಡಿದ ಒಂದು ಮಾತಿಗೆ ತಕ್ಕ ಜವಾಬು ಕಳೆದ ಯುಗಾದಿಗೆ ಸಿಕ್ಕಿತು. ಅಷ್ಟರಲ್ಲಿ ಅತ್ತೆ ಪಾಪ ಅದೇ ಸಾರನ್ನು ಎರಡು ಸಲ ಬಡಿಸಿಕೊಳ್ಳುವವರಾಗಿದ್ದರು. ಜವಾಬನ್ನು ಒಳಗೇ ಇಟ್ಟುಕೊಂಡೆ.

ಇಂಥವಳಿಗೆ ಪತ್ತೇದಾರ ಮಕರಂದನ ಮೇಲೆ ಪ್ರೀತಿ ಹುಟ್ಟದೆ ಇನ್ನೇನು ಹುಟ್ಟೀತು ಹೇಳಿ. ಅವನ ಪರಿಚಯ ನಿಮಗಿಲ್ಲದಿದ್ದರೆ ನಷ್ಟ ನಿಮ್ಮದೇ. ಅಂಗೈಯಗಲದ ಪುಸ್ತಕ, ರಟ್ಟಿನ ಮೇಲೆ ಉರಿಯುವ ಕಟ್ಟಡ, ಅದರೆದುರು ಕೂದಲು ಕೆದರದೆ ನಿಂತ ಮಕರಂದ. ಪ್ರತಿ ಪುಸ್ತಕದಲ್ಲೂ ಭಯೋತ್ಪಾದಕರು ಬೆಂಗಳೂರನ್ನು ಉಡಾಯಿಸಲು ಬರುತ್ತಾರೆ. ಪ್ರತಿ ಪುಸ್ತಕದಲ್ಲೂ ಮಕರಂದ ಅವರನ್ನು ಹಿಡಿಯುತ್ತಾನೆ. ಇದರಲ್ಲಿ ಕುತೂಹಲವೇನಿದೆ ಎಂದು ನನ್ನ ಗಂಡ ಕೇಳುತ್ತಾರೆ. ದಿನಾ ಅದೇ ಅನ್ನ ತಿಂದು ದಿನಾ ಹೊಟ್ಟೆ ತುಂಬಿಸಿಕೊಳ್ಳುವ ಮನುಷ್ಯ ಕೇಳುವ ಪ್ರಶ್ನೆಯೇ ಇದು? (ಇದೂ ಅವರು ಕೇಳಿದ ಮಾರನೆಯ ದಿನ ಹೊಳೆದದ್ದು.) ಊರು ಉಳಿಯುತ್ತದೆಂದು ಗೊತ್ತು. ಆದರೆ ಹಣೆಗೆ ಪಿಸ್ತೂಲು ಹಿಡಿದವನು "ನಿನ್ನ ಕೊನೆಯ ಆಸೆ ಏನು?" ಎಂದಾಗ ಮಕರಂದ ಏನು ಹೇಳುತ್ತಾನೆಂದು ಗೊತ್ತಿಲ್ಲವಲ್ಲ. "ಅದನ್ನೇ ನಿಮ್ಮನ್ನು ಕೇಳೋಣವೆಂದಿದ್ದೆ, ನೀವೇ ಕೇಳಿಬಿಟ್ಟಿರಿ" ಎನ್ನುತ್ತಾನೆ. ಒಂದು ಕ್ಷಣವೂ ತಡವಿಲ್ಲ. ಬಾಂಬು ನಿಷ್ಕ್ರಿಯಗೊಳಿಸುವುದನ್ನು ಯಾರಾದರೂ ತರಬೇತಿ ಪಡೆದು ಕಲಿಯಬಹುದು. ಸಮಯಕ್ಕೆ ಸರಿಯಾಗಿ ಬಾಯಿ ಬಿಡುವುದನ್ನು ಕಲಿಸುವ ಶಾಲೆ ಎಲ್ಲಿದೆ?

ಈ ಚಟ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಪೀಣ್ಯದಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದರು. ಅವರ ವರ್ಕ್‌ಶಾಪಿನಲ್ಲಿ ಪತ್ತೇದಾರಿ ಪುಸ್ತಕಗಳು ಊಟದ ಹೊತ್ತಿನಲ್ಲಿ ಕೈಯಿಂದ ಕೈಗೆ ಹೋಗುತ್ತ, ಕೊನೆಗೆ ನಮ್ಮ ಮನೆಗೆ ಬರುವಷ್ಟರಲ್ಲಿ ಗ್ರೀಸಿನ ಹೆಬ್ಬೆಟ್ಟುಗಳಿಂದ ತುಂಬಿರುತ್ತಿದ್ದವು. ಕೊಲೆಗಾರನ ಬೆರಳಚ್ಚು ಸಿಕ್ಕಿತೆಂದು ಬರೆದ ಪುಟದ ಮೇಲೆ ನಿಜವಾಗಿ ಒಂದು ಬೆರಳಚ್ಚು ಇದ್ದರೆ ಓದುವ ಮಗುವಿನ ಎದೆ ಹೇಗೆ ಹೊಡೆದುಕೊಳ್ಳಬೇಡ. ಅವ್ವ ಆ ಪುಸ್ತಕಗಳನ್ನು ಹಾಸಿಗೆಯ ಹತ್ತಿರ ಸೇರಿಸುತ್ತಿರಲಿಲ್ಲ. "ಓದೋದಾದ್ರೆ ಓದು, ದುಪ್ಪಟಿಗೆ ಎಣ್ಣೆ ಮೆತ್ಬೇಡ" ಎನ್ನುತ್ತಿದ್ದಳು. ಈಗಲೂ ಮಷೀನ್ ಎಣ್ಣೆಯ ವಾಸನೆ ಬಂದರೆ ನನಗೆ ಎಲ್ಲೋ ಏನೋ ಸಂಚು ನಡೆದಿದೆ ಅನ್ನಿಸುತ್ತದೆ.

ಆ ಕಾಲದಲ್ಲಿ ನನಗೊಂದು ದೊಡ್ಡ ಕೊರಗಿತ್ತು. ಭಯೋತ್ಪಾದಕರು ಮೆಜೆಸ್ಟಿಕ್‌ಗೆ ಬರುತ್ತಾರೆ, ವಿಧಾನಸೌಧಕ್ಕೆ ಬರುತ್ತಾರೆ, ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾರೆ. ಪೀಣ್ಯಕ್ಕೆ ಯಾಕೆ ಒಬ್ಬನೂ ಬರುವುದಿಲ್ಲ? ಬರಲಿಲ್ಲವೆಂದರೆ ನಾವೇ ಹುಡುಕಬೇಕು ಎಂದು ನಾನೂ ಪಕ್ಕದ ಮನೆಯ ಸರೋಜಳೂ ತೀರ್ಮಾನಿಸಿದೆವು. ನಮ್ಮ ರಸ್ತೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು, ಯಾರ ಜತೆಗೂ ಮಾತಾಡದೆ ತಿರುಗುತ್ತಿದ್ದ ಒಬ್ಬನನ್ನು ಶಾಲೆ ಬಿಟ್ಟ ಮೇಲೆ ಹಿಂಬಾಲಿಸಿದೆವು. ಅವನು ಔಷಧಿ ಅಂಗಡಿಗೆ ಹೋಗಿ ಚಿಕ್ಕ ಸೀಸೆಯೊಂದನ್ನು ಕೊಂಡ. ವಿಷವೇ ಇರಬೇಕೆಂದು ಹತ್ತಿರ ಹೋಗಿ ಇಣುಕಿದೆವು. ಅದು ಕಣ್ಣಿಗೆ ಬಿಡುವ ಔಷಧಿ, ಅವನಿಗೆ ಬಂದದ್ದು ಮದ್ರಾಸ್ ಐ. ಆ ವಾರದಲ್ಲೇ ನಮ್ಮಿಬ್ಬರ ಕಣ್ಣೂ ಕೆಂಪಾಗಿ, ನಾವೂ ಯಾರ ಜತೆಗೂ ಮಾತಾಡದೆ ಮೂಲೆಯಲ್ಲಿ ಕೂತೆವು.

ಈಗ ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುತ್ತೇನೆ. ಗಾಡಿಗಳಿಗೆ ಬೇಕಾದ ವೈರುಗಳನ್ನು ಕಟ್ಟು ಕಟ್ಟಾಗಿ ಜೋಡಿಸುವ ಕಾರ್ಖಾನೆ. ಭಯೋತ್ಪಾದನೆ ಕೊನೆಗೂ ನನ್ನ ಬದುಕಿಗೆ ಬಂದದ್ದು ಇಲ್ಲಿಯ ಗೇಟಿನಲ್ಲಿ, ಅದೂ ಟಿಫಿನ್ ಡಬ್ಬಿಯ ಮುಚ್ಚಳ ತೆಗೆಸುವ ರೂಪದಲ್ಲಿ. ಸೆಕ್ಯೂರಿಟಿಯವನು ಕನ್ನಡಿಗೆ ಕೋಲು ಕಟ್ಟಿಕೊಂಡು ಬಸ್ಸಿನ ಅಡಿ ನೋಡುತ್ತಾನೆ, ಆಮೇಲೆ ಅದೇ ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಾನೆ. ತಪಾಸಣೆಯ ಯಂತ್ರ ನನ್ನ ಬ್ಯಾಗಿಗೆ ದಿನಾ ಕೂಗುತ್ತದೆ, ಅವನು ದಿನಾ "ಏನಿದೆ ಮೇಡಂ?" ಎನ್ನುತ್ತಾನೆ, ನಾನು ದಿನಾ "ಚಿತ್ರಾನ್ನ" ಎನ್ನುತ್ತೇನೆ. ಮಕರಂದ ಆಗಿದ್ದರೆ ಒಂದು ದಿನವಾದರೂ ಬೇರೇನಾದರೂ ಹೇಳುತ್ತಿದ್ದ. ನನಗೆ ಧೈರ್ಯವಿಲ್ಲ, ಚಿತ್ರಾನ್ನ ತಣ್ಣಗಾಗುತ್ತದೆ.

ನಮ್ಮ ಬಸ್ಸು ಪೀಣ್ಯದಿಂದ ಹೊರಟು ಊರಿನ ಆ ತುದಿಯಿಂದ ಈ ತುದಿಗೆ ಬರಬೇಕು. ಅಷ್ಟು ದೂರ ಏನು ಮಾಡುವುದು? ಮೊದಮೊದಲು ನಾನೊಬ್ಬಳೇ ಮಕರಂದನನ್ನು ಓದಿಕೊಂಡು ಬರುತ್ತಿದ್ದೆ. ಓದುತ್ತ ನಗುವುದು ನನ್ನ ಕೆಟ್ಟ ಅಭ್ಯಾಸ. ಪಕ್ಕದಲ್ಲಿ ಕೂರುತ್ತಿದ್ದ ರೇಣುಕಾ ಕೊಪ್ಪಳದ ಕಡೆಯವಳು, ಅಸೆಂಬ್ಲಿ ಲೈನಿನಲ್ಲಿ ಕೆಲಸ, ಲಗ್ಗೆರೆಯಲ್ಲಿ ಬಾಡಿಗೆ ರೂಮು. ಅವಳು ಒಂದು ವಾರ ನೋಡಿದಳು. ಆಮೇಲೆ, "ಒಬ್ಬಾಕಿನ ನಕ್ಕೋಂತ ಕುಂತ್ರ ಹೆಂಗ್ರಿ ಅಕ್ಕಾರ? ನಮಗೂ ಒಂದೀಟು ಓದ್ರಿ" ಎಂದಳು.

ಅವಳಿಗೆಂದು ಮೆಲ್ಲಗೆ ಓದಿದೆ. ಹಿಂದಿನ ಸೀಟಿನವರು "ಜೋರಾಗಿ ಓದಿ" ಎಂದರು. ಜೋರಾಗಿ ಓದಿದೆ. ತಿಂಗಳೊಪ್ಪತ್ತಿನಲ್ಲಿ ಇಡೀ ಬಸ್ಸೇ ಇಯರ್‌ಫೋನ್ ತೆಗೆದಿಟ್ಟು ಕೇಳತೊಡಗಿತು, ಬೆಳಿಗ್ಗೆ ಮಾತ್ರ, ಸಂಜೆ ಎಲ್ಲರಿಗೂ ನಿದ್ದೆ. ಪುರಾಣ ಓದುವವರಿಗೆ ಇರುವ ಗೌರವ ನನಗೆ ಬಂತು. ಗಂಟಲಿಗೆಂದು ಒಬ್ಬಳು ಕಲ್ಲುಸಕ್ಕರೆ ತಂದರೆ, ಇನ್ನೊಬ್ಬಳು ಫ್ಲಾಸ್ಕಿನಲ್ಲಿ ಜೀರಿಗೆ ಕಷಾಯ ತಂದಳು.

ಪುರಾಣಕ್ಕೆ ಕೂತವರು ಕಣ್ಣು ಮುಚ್ಚಿ ಕೇಳುತ್ತಾರೆ. ನನ್ನ ಶ್ರೋತೃಗಳು ಹಾಗಲ್ಲ. ಬಾಂಬಿನ ಎದುರು ಮಂಡಿಯೂರಿದ ಮಕರಂದ ಕೆಂಪು ವೈರು ಕತ್ತರಿಸಲೋ ನೀಲಿ ವೈರು ಕತ್ತರಿಸಲೋ ಎಂದು ಯೋಚಿಸುವ ಜಾಗ ಬಂತೆಂದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ದಿನವಿಡೀ ವೈರು ಜೋಡಿಸುವ ಕೈಗಳು, ಸುಮ್ಮನೆ ಬಿಟ್ಟಾವೆಯೇ? "ಎಲ್ಲಾನೂ ಕಪ್ಪು ವೈರಿನ್ಯಾಗ ಮಾಡಿದ್ರ ಮುಗೀತಿತ್ತಲ್ರಿ" ಎಂದಳು ರೇಣುಕಾ. "ಒಡೆದು ಹೋಗೋ ಸಾಮಾನಿಗೆ ಇಷ್ಟು ನೀಟಾಗಿ ಬಣ್ಣ ಬಣ್ಣದ ವೈರು ಹಾಕ್ಯಾನಂದ್ರ, ಅಂವ ಎಲ್ಲೋ ನಮ್ಮಂಥಾ ಫ್ಯಾಕ್ಟರಿಯಾಗ ಬೈಸ್ಕೊಂಡು ಕಲ್ತಾನ ನೋಡ್ರಿ." ಅವನ ಸೂಪರ್‌ವೈಸರ್ ಯಾರಿರಬಹುದೆಂಬ ಚರ್ಚೆ ಆ ದಿನ ಗೇಟಿನವರೆಗೂ ನಡೆಯಿತು.

ಒಮ್ಮೆ ಮಾತ್ರ ಪುಸ್ತಕ ತೆಗೆಯಲಿಲ್ಲ. ಊರಲ್ಲಿ ಎಲ್ಲೋ ಏನೋ ಸಿಡಿಯಿತೆಂಬ ಸುದ್ದಿ ಬಂದ ಮಾರನೆಯ ದಿನ. ಎಲ್ಲರ ಫೋನಿಗೂ ಊರಿಂದ ಅವ್ವಂದಿರ ಕರೆ. "ಹುಷಾರವ್ವಾ", "ಎಲ್ಲಿದೀಯೋ", "ಬಂದ್ಬಿಡು ಇಲ್ಲಿಗೇ". ನಿಜವಾದ ಬಾಂಬಿನ ಹತ್ತಿರ ಯಾರೂ ಜೋಕು ಹೇಳುವುದಿಲ್ಲ, ಅಲ್ಲಿದ್ದವರು ಚಪ್ಪಲಿ ಬಿಟ್ಟು ಓಡುತ್ತಾರೆ, ಅಷ್ಟೇ. ನನಗೆ ಬ್ಯಾಗಿನಲ್ಲಿದ್ದ ಪುಸ್ತಕದ ಬಗ್ಗೆ ನಾಚಿಕೆಯಾಗಿತ್ತು. ಅದರ ಮರುದಿನ ರೇಣುಕಾಳೇ, "ಇವತ್ತ ಓದ್ರಿ ಅಕ್ಕಾರ. ಅಂಜಿಕಿ ಆಗೇತಿ" ಎಂದಳು. ಈ ಪುಸ್ತಕಗಳು ಯಾಕೆ ಬೇಕೆಂದು ಯಾರಾದರೂ ಕೇಳಿದರೆ ನಾನು ಅವಳ ಮಾತನ್ನೇ ಹೇಳುತ್ತೇನೆ. ಹೆದರಿಕೆ ಹೋಗುವುದಿಲ್ಲ ನಿಜ, ಆದರೆ ಅದರ ಮುಖಕ್ಕೆ ಯಾರೋ ಒಬ್ಬ ತಮಾಷೆ ಮಾಡಿದನೆಂಬುದೇ ದೊಡ್ಡ ಸಮಾಧಾನ.

ಇನ್ನು ನಮ್ಮ ಡ್ರೈವರ್ ಮುನಿರಾಜುವಿನ ವಿಷಯಕ್ಕೆ ಬರಬೇಕು. ಅವನು ಪೀಣ್ಯದ ಪಕ್ಕದ ಹಳ್ಳಿಯವನು, ಆ ಹಳ್ಳಿಯೀಗ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಅವನಿಗೇ ಗೊತ್ತಿಲ್ಲ. ಮೊದಲು, ಕಾರ್ಖಾನೆಗೆ ಈ ಬಸ್ಸನ್ನು ಬಾಡಿಗೆಗೆ ಬಿಟ್ಟಿರುವ ಮಾಲೀಕನದೇ ಟೂರಿಸ್ಟ್ ಬಸ್ಸಿನಲ್ಲಿ ತಿರುಪತಿ, ಶಿರಡಿ ಎಂದು ವರ್ಷಗಟ್ಟಲೆ ಓಡಾಡಿದವನು. ಒಮ್ಮೆ ಬಹಳ ದಿನದ ಮೇಲೆ ಮನೆಗೆ ಹೋದಾಗ ಬಾಗಿಲಲ್ಲಿ ಆಡುತ್ತಿದ್ದ ಅವನ ಪುಟ್ಟ ಮಗಳು ಒಳಗೆ ತಿರುಗಿ, "ಅಮ್ಮಾ, ಯಾರೋ ಅಂಕಲ್ ಬಂದವ್ರೆ" ಎಂದಳಂತೆ. ಅವತ್ತೇ ಮಾಲೀಕನ ಕಾಲು ಹಿಡಿದು ಈ ರೂಟು ಹಾಕಿಸಿಕೊಂಡ. ಬೆಳಿಗ್ಗೆ ಬಿಡುವುದು, ಸಂಜೆ ಕರೆತರುವುದು, ರಾತ್ರಿ ಮಗಳ ತಟ್ಟೆಯ ಪಕ್ಕ ತನ್ನ ತಟ್ಟೆ. ಇಷ್ಟಿದ್ದರೆ ಅವನಿಗೆ ಬೇರೇನೂ ಬೇಕಿರಲಿಲ್ಲ, ಮಕರಂದನೊಬ್ಬನನ್ನು ಬಿಟ್ಟು.

ಬೊಮ್ಮನಹಳ್ಳಿಯ ಹತ್ತಿರ ರಸ್ತೆ ಎರಡಾಗುತ್ತದಲ್ಲ, ಮೇಲೆ ಟೋಲ್ ಕಟ್ಟಿದ ಫ್ಲೈಓವರು, ಕೆಳಗೆ ಹಳೆಯ ಹೊಸೂರು ರಸ್ತೆ. ನಮ್ಮ ಬಸ್ಸಿಗೆ ಕಂಪನಿ ಟೋಲಿನ ಪಾಸು ಮಾಡಿಸಿತ್ತು, ಮೇಲೆಯೇ ಹೋಗಬೇಕು. ಆದರೆ ಮೇಲೆ ಹೋದರೆ ಅರ್ಧ ಅಧ್ಯಾಯಕ್ಕೆ ಗೇಟು ಬಂದುಬಿಡುತ್ತದೆ. ಕೆಳಗೆ ಹೋದರೆ ಕೂಡ್ಲು ಗೇಟು, ಸಿಂಗಸಂದ್ರ, ಹೊಸ ರೋಡು ಎಂದು ಸಿಗ್ನಲ್ಲು ಸಿಗ್ನಲ್ಲಿಗೂ ನಿಂತು, ಅಧ್ಯಾಯ ಆರಾಮಾಗಿ ಮುಗಿಯುತ್ತದೆ. ಮುನಿರಾಜು ಅಲ್ಲಿಗೆ ಬಂದಾಗ ಕನ್ನಡಿಯಲ್ಲಿ ನನ್ನ ಕಡೆ ನೋಡುತ್ತಿದ್ದ.

"ಅಕ್ಕಾ, ಇನ್ನೂ ಎಷ್ಟೈತೆ?"

"ಇದೆ ಕಣಪ್ಪ, ಇನ್ನೂ ಕಳ್ಳ ಲಿಫ್ಟಿನಲ್ಲೇ ಇದಾನೆ."

"ಅಂಗಾರೆ ಕೆಳ್ಗೇ ಓಗಾನ."

ಬಸ್ಸಿನಲ್ಲಿ ಯಾರೂ ಬೇಡ ಅನ್ನುತ್ತಿರಲಿಲ್ಲ. ಬೇಗ ಹೊರಟಿರುತ್ತಿದ್ದೆವು, ಹೇಗೋ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿದ್ದೆವು. ಜಗತ್ತಿನಲ್ಲಿ ಟ್ರಾಫಿಕ್ ಬೇಕೆಂದು ಹುಡುಕಿಕೊಂಡು ಹೋದ ಬಸ್ಸು ನಮ್ಮದೊಂದೇ ಇರಬೇಕು.

ಹೀಗಿರುವಾಗ ಹೊಸ ಪುಸ್ತಕವೊಂದು ಬಂತು. ವೈಟ್‌ಫೀಲ್ಡಿನ ಒಂದು ಮಾಲ್. ಅದರ ಹುಟ್ಟುಹಬ್ಬಕ್ಕೆ ಆಳೆತ್ತರದ ಕೇಕು. ಕತ್ತರಿಸಲು ಮಂತ್ರಿಗಳು ಬರುತ್ತಾರೆ. ಬಾಂಬಿರುವುದು ಕೇಕಿನೊಳಗೆ, ಚಾಕು ತಾಗಿದರೆ ಮುಗಿಯಿತು. ಬೊಮ್ಮನಹಳ್ಳಿಗೆ ಬಂದಾಗ ಮಂತ್ರಿಗಳ ಕೈಗೆ ಚಾಕು ಬಂದಿತ್ತು. ಮುನಿರಾಜು ಕೇಳಲೂ ಇಲ್ಲ, ಬಸ್ಸನ್ನು ಕೆಳಗೆ ಬಿಟ್ಟ.

ಕೂಡ್ಲು ಗೇಟಿನಲ್ಲಿ ಜಲ್ಲಿ ಲಾರಿಯೊಂದರ ಆಕ್ಸೆಲ್ ಮುರಿದು ರಸ್ತೆಗೆ ಅಡ್ಡ ನಿಂತಿತ್ತು. ನಾವೂ ನಿಂತೆವು. ಅಧ್ಯಾಯ ಮುಗಿಯಿತು, ಇನ್ನೊಂದೂ ಮುಗಿಯಿತು, ಕೊನೆಯದೊಂದು ಬಾಕಿ ಉಳಿಯಿತು. ಆ ಹೊತ್ತಿಗೆ ಎಲ್ಲರಿಗೂ ನೆನಪಾದದ್ದು, ಅವತ್ತು ದೊಡ್ಡ ಗಿರಾಕಿಯೊಬ್ಬರು ಕಾರ್ಖಾನೆ ನೋಡಲು ಬರುತ್ತಾರೆಂಬುದು. ನಾವು ಹೋಗಿ ಮುಟ್ಟಿದಾಗ ಅವರು ಬಂದು, ಖಾಲಿ ಲೈನನ್ನು ನೋಡಿ, ಕಾಫಿ ಕುಡಿದು ಹೊರಟಿದ್ದರು.

ಮಾರನೆಯ ದಿನ ಟ್ರಾನ್ಸ್‌ಪೋರ್ಟ್ ನೋಡಿಕೊಳ್ಳುವ ಜಗನ್ನಾಥ್ ಸಾರ್‌ರಿಂದ ಕರೆ ಬಂತು, ಮುನಿರಾಜುವಿಗೂ, ಆ ಬಸ್ಸಿನ ಲೀಡರ್ ಆದ ನನಗೂ. ಬಸ್ ಲೀಡರ್ ಎಂದರೆ ಯಾರು ಹತ್ತಿದರು, ಯಾರು ಬಿಟ್ಟುಹೋದರು ಎಂದು ನೋಡುವವಳು, ಅಷ್ಟೇ. ಹೊರಗೆ ಕಾಯುವಾಗ ಮುನಿರಾಜು ಕ್ಯಾಪನ್ನು ಹಿಂಡುತ್ತಿದ್ದ.

"ಈ ರೂಟ್ ಕಿತ್ಕೊಂಡ್ರೆ ಓನರು ನನ್ನ ತಿರ್ಗಾ ಶಿರಡಿಗೇ ಆಕ್ತಾನೆ ಅಕ್ಕಾ. ಇನ್ನೆಲ್ಲೂ ಗಾಡಿ ಖಾಲಿ ಇಲ್ಲ."

"ನಿಜ ಹೇಳಿಬಿಡೋಣ" ಎಂದೆ.

"ಕತೆ ಕೇಳಾಕ್ ಓದೆ ಅಂದ್ರೆ ನಗ್ತಾರೆ. ಓದೋದೂ ನಿಲ್ಲುಸ್ತಾರೆ. ಸುಮ್ಕಿರಿ."

ಜಗನ್ನಾಥ್ ಸಾರ್ ಕೆಟ್ಟವರಲ್ಲ. ಆದರೆ ಅವರೂ ಒಳಗೊಳಗೇ ಪತ್ತೇದಾರರು. ಗೋಡೆಯ ಮೇಲೆ ಜಿಪಿಎಸ್ಸಿನ ನಕ್ಷೆ ಬಿಡಿಸಿಟ್ಟಿದ್ದರು. ಕೆಲವು ದಿನ ನಮ್ಮ ಬಸ್ಸು ಮೇಲೆ, ಕೆಲವು ದಿನ ಕೆಳಗೆ.

"ಇದು ಸುಳ್ಳು ಹೇಳಲ್ಲ ಮೇಡಂ. ಪಾಸ್ ಇದ್ರೂ ಕೆಳಗ್ ಯಾಕ್ ಹೋಗ್ತಾನೆ? ನಾನ್ ಹೇಳ್ಲಾ? ಸಿಂಗಸಂದ್ರದಲ್ಲಿ ಹೊರಗಿನವರನ್ನ ಹತ್ತಿಸ್ಕೊಂಡು ಕಾಸ್ ಮಾಡ್ಕೋತಿದಾನೆ. ಲೇಟಾಗಿದ್ದನ್ನ ಬಿಟ್ಬಿಡ್ಬೋದು, ಇದನ್ನ ಬಿಡೋಕಾಗಲ್ಲ. ನಿಮ್ ಓನರ್‌ಗೆ ಫೋನ್ ಮಾಡ್ತಿದೀನಿ ಕಣಯ್ಯ, ನಾಳೆಯಿಂದ ಬೇರೆ ಡ್ರೈವರ್."

ಮುನಿರಾಜು ನೆಲ ನೋಡುತ್ತ ನಿಂತಿದ್ದ. ಈ ಜಾಗದಲ್ಲಿ ಮಕರಂದ ಕುರ್ಚಿ ಎಳೆದುಕೊಂಡು ಕೂತು, ಜಗನ್ನಾಥ್ ಸಾರ್ ತಬ್ಬಿಬ್ಬಾಗುವಂಥದ್ದೇನೋ ಹೇಳುತ್ತಿದ್ದ. ಇಷ್ಟು ಪುಸ್ತಕ ಓದಿದ ನನ್ನ ಬಾಯಿಂದ ಒಂದೂ ಬರಲಿಲ್ಲ. ಬಂದದ್ದು ಸಿಟ್ಟು ಮಾತ್ರ. ಬರೀ ನಿಜ ಹೇಳಿದೆ. ನಾನು ಓದುವುದು, ಬಸ್ಸು ಕೇಳುವುದು, ಅಧ್ಯಾಯ ಉಳಿದರೆ ಕೆಳಗೆ ಹೋಗುವುದು, ಇದರಲ್ಲಿ ನಾವೆಲ್ಲ ಇದ್ದೇವೆಂಬುದು.

ಜಗನ್ನಾಥ್ ಸಾರ್ ನನ್ನನ್ನೇ ನೋಡಿದರು. "ಮೇಡಂ, ಸುಳ್ಳು ಹೇಳೋದಾದ್ರೆ ನಂಬೋ ಹಾಗಾದ್ರೂ ಹೇಳ್ಬೇಕಲ್ವಾ?" ಎಂದು, ಮುನಿರಾಜುವಿನ ಕಡೆ ತಿರುಗಿದರು. "ಏನಯ್ಯಾ, ಕಥೆ ಕೇಳ್ತಿದ್ಯಂತೆ. ಏನದು ಕಥೆ? ಹೇಳು ನೋಡೋಣ."

ಮುನಿರಾಜು ಕ್ಯಾಪನ್ನು ಕಂಕುಳಿಗೆ ಸಿಕ್ಕಿಸಿದ. ಒಮ್ಮೆ ಕೆಮ್ಮಿದ.

"ವೈಟ್‌ಫೀಲ್ಡ್‌ನಾಗೆ ಒಂದು ಮಾಲ್ ಐತೆ ಸಾರ್" ಎಂದು ಶುರು ಮಾಡಿದ.

ನಾನು ಆ ಪುಸ್ತಕವನ್ನು ಓದಿದ್ದೆ, ಅವನು ಅದನ್ನು ಓಡಿಸಿದ. ಮಾಲ್‌ನ ಪಾರ್ಕಿಂಗಿನಲ್ಲಿ ಯಾವ ಗಾಡಿ ಎಲ್ಲಿ ನಿಂತಿತ್ತು, ಕಳ್ಳ ಯಾವ ಗೇರಿನಲ್ಲಿ ಇಳಿಜಾರು ಹತ್ತಿದ, ಎಲ್ಲ ಬಂತು. ಮಂತ್ರಿಗಳು ಚಾಕು ಎತ್ತಿದಾಗ ಅವನ ಕೈಯೂ ಮೇಲೆದ್ದಿತ್ತು. "ಆಗ ಮಕರಂದ ಬಂದು ಕೈ ಇಡ್ಕೊಂಡು ಏನಂದ ಗೊತ್ತಾ ಸಾರ್? 'ಸಾರ್, ಸಕ್ರೆ ಕಾಯ್ಲೆ ಇರೋರು ಈ ಕೇಕ್ ಮುಟ್ಬಾರ್ದು' ಅಂದ."

ಜಗನ್ನಾಥ್ ಸಾರ್‌ಗೆ ನಗು ಬಂತು. ಅದನ್ನು ಕೆಮ್ಮಾಗಿ ಮಾಡಿಕೊಂಡು, "ಆಮೇಲೆ?" ಎಂದರು.

ಅಲ್ಲಿಗೆ ನನಗೆ ಹೆದರಿಕೆಯಾಯಿತು. ಬಸ್ಸಿನಲ್ಲಿ ಓದಿದ್ದು ಹೆಚ್ಚುಕಡಿಮೆ ಅಲ್ಲಿಗೆ ಮುಗಿದಿತ್ತು. ಬಾಂಬು ಸಿಕ್ಕಿತು, ಕಳ್ಳ ಸಿಕ್ಕಿದ, ಕಮಿಷನರು ಮಕರಂದನಿಗೆ ಬರಹೇಳಿದರು. ಮುಂದಿನದು ಮುನಿರಾಜುವಿಗೆ ಗೊತ್ತಿಲ್ಲ. ನಾನು ಮಾತ್ರ ಹಿಂದಿನ ರಾತ್ರಿ ತಡೆಯಲಾಗದೆ ಮನೆಯಲ್ಲಿ ಕೊನೆಯ ಅಧ್ಯಾಯ ಓದಿ, ಪುಸ್ತಕವನ್ನು ಅಲ್ಲೇ ಮರೆತು ಬಂದಿದ್ದೆ. ಮಕರಂದ ಕಮಿಷನರಿಗೆ ಒಂದು ಜೋಕು ಹೇಳಿ, ಸೂಟ್‌ಕೇಸ್ ಹಿಡಿದು ದುಬೈ ವಿಮಾನ ಹತ್ತುತ್ತಾನೆ.

ಮುನಿರಾಜು ನಿಲ್ಲಿಸಲಿಲ್ಲ. "ಆಮೇಲೆ ಕಮಿಷನರು ಕರುದ್ರು ಸಾರ್. 'ದೊಡ್ ಕೆಲ್ಸ ಮಾಡ್ದೆ ಕಣಯ್ಯ. ನಿಂಗೇನ್ ಬೇಕೋ ಕೇಳು. ಪ್ರಮೋಷನ್ನಾ, ಫಾರಿನ್ ಡ್ಯೂಟಿನಾ?' ಅಂದ್ರು. ಆವಯ್ಯ ಕೈ ಮುಗುದ. 'ಏನೂ ಬ್ಯಾಡ ಸಾರ್, ಸಂಜೆ ಮನೇಗೋಗಂಥ ಡ್ಯೂಟಿ ಕೊಡಿ, ಸಾಕು' ಅಂದ."

ಜಗನ್ನಾಥ್ ಸಾರ್ ಫೋನಿನ ಮೇಲಿಂದ ಬೆರಳು ತೆಗೆದರು. ಆಮೇಲೆ ನನ್ನ ಕಡೆ ನೋಡಿದರು. "ಹೌದಾ ಮೇಡಂ? ಪುಸ್ತಕದಲ್ಲಿ ಹೀಗೇ ಇದ್ಯಾ?"

"ಹೀಗೇ ಇದೆ ಸಾರ್" ಎಂದೆ.

ಅವರು ನಕ್ಷೆಯ ಕಡೆ ನೋಡಿದರು, ಮುನಿರಾಜುವಿನ ಕಡೆ ನೋಡಿದರು, ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. "ಪ್ಯಾಸೆಂಜರ್ ಹತ್ತಿಸ್ಕೊಂಡ್ ಬರೋನಿಗೆ ಇಷ್ಟೆಲ್ಲ ಕೇಳೋಕೆ ಪುರುಸೊತ್ತಿರಲ್ಲ. ರೂಟ್ ನಿಂದೇ ಇರ್ಲಿ. ಆದ್ರೆ ನಾಳೆಯಿಂದ ಮೇಲೆ. ಕಥೆ ಮುಗೀಲಿ ಬಿಡ್ಲಿ, ಮೇಲೆ. ಗೊತ್ತಾಯ್ತಾ?" ನಾವು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಕೇಳಿದರು. "ಮೇಡಂ, ಆ ಕೇಕನ್ನ ಆಮೇಲೆ ಏನ್ ಮಾಡಿದ್ರಂತೆ?"

"ಬರೆದಿಲ್ಲ ಸಾರ್."

"ಛೆ" ಎಂದರು.

ಮಾರನೆಯ ಬೆಳಿಗ್ಗೆ ಬಸ್ಸು ಬೊಮ್ಮನಹಳ್ಳಿಯಲ್ಲಿ ಆಜ್ಞೆಯಂತೆ ಮೇಲೆ ಹತ್ತಿತು. ಕೊನೆಯ ಅಧ್ಯಾಯ ಚಿಕ್ಕದು, ಮೇಲಿನ ದಾರಿಗೂ ಸಾಕಾಗುವಷ್ಟು. ಎಲ್ಲರೂ ಕಿವಿ ತೆರೆದು ಕೂತಿದ್ದರು. ಕಮಿಷನರ ಕೋಣೆಯವರೆಗೆ ಇದ್ದದ್ದನ್ನು ಇದ್ದಂತೆ ಓದಿದೆ. ಪುಟ ತಿರುಗಿಸಿದೆ. ದುಬೈ ವಿಮಾನ ಕಂಡಿತು, ಜೋಕು ಕಂಡಿತು. ಜೋಕು ಚೆನ್ನಾಗಿಯೇ ಇತ್ತು. ಕನ್ನಡಿಯಲ್ಲಿ ಮುನಿರಾಜುವಿನ ಹಣೆ, ಹುಬ್ಬು ಕಾಣುತ್ತಿತ್ತು. ನಾನು ಆ ಪುಟದ ಮೇಲೆ ಬೆರಳಿಟ್ಟುಕೊಂಡು, ಅದರಲ್ಲಿಲ್ಲದ್ದನ್ನು ಪುಸ್ತಕದ ಕನ್ನಡದಲ್ಲೇ ನಿಧಾನವಾಗಿ ಓದಿದೆ. "ಮಕರಂದ ಕೈ ಮುಗಿದ. 'ನನಗೆ ಬೇರೇನೂ ಬೇಡ. ಸಂಜೆ ಮನೆಗೆ ಹೋಗುವಂಥ ಕೆಲಸ ಕೊಡಿ, ಅಷ್ಟು ಸಾಕು' ಎಂದ. ಕಮಿಷನರು ಒಪ್ಪಿದರು." ಪುಸ್ತಕ ಮುಚ್ಚಿದೆ.

"ಛಲೋ ಮುಗಿಸ್ಯಾನ ನೋಡ್ರಿ ಬರೆದಾಂವ" ಎಂದಳು ರೇಣುಕಾ, ಕಣ್ಣೊರೆಸಿಕೊಂಡು.

ಮುನಿರಾಜು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ. "ನೆನ್ನೆ ಸಾಯೇಬ್ರ ಮುಂದೆ ನಾನ್ ಏಳ್ಲಿಲ್ವಾ ಅಕ್ಕಾ? ಅಂಥೋನು ಇನ್ನೇನ್ ತಾನೆ ಕೇಳ್ತಾನೆ."